ಅಪ್ಪ-ಅವ್ವನ ಅಡಿಕೆ ತೋಟ: ಕೊಯ್ಲಿನ ದುಡ್ಡನ್ನು ವರ್ಷವಿಡೀ ನಿಭಾಯಿಸಲು ಮಕ್ಕಳು ಏನು ಮಾಡಬೇಕು?

ಅಡಿಕೆ ತೋಟದ ಮನೆಗೆ ದುಡ್ಡು ಬರುವುದು ವರ್ಷಕ್ಕೆ ಮೂರ್ನಾಲ್ಕು ಸಲ, ಹೋಗುವುದು ದಿನಾ. ಅಪ್ಪನಿಗೆ ಐವತ್ತು ಇದ್ದಾಗ ಈ ಲೆಕ್ಕವೆಲ್ಲ ತಲೆಯಲ್ಲೇ ಇರುತ್ತಿತ್ತು. ಎಪ್ಪತ್ತು ದಾಟಿದ ಮೇಲೆ ತೂಕದ ಚೀಟಿ ಜೇಬಲ್ಲೇ ಒಗೆದು ಹೋಗುತ್ತದೆ, ಸೊಸೈಟಿ ಸಾಲದ ಗಡುವು ಮರೆಯುತ್ತದೆ, ಖೇಣಿಯವನು (ಮರದ ಮೇಲಿನ ಫಸಲನ್ನು ಮಾತಾಡಿ ಹಿಡಿದವನು) ಕೊಡಬೇಕಾದ ಬಾಕಿ ಎಷ್ಟೆಂದು ಖೇಣಿಯವನನ್ನೇ ಕೇಳುವಂತಾಗುತ್ತದೆ. ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಬಂದು ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದವರು ಮತ್ತೆ ಮತ್ತೆ ಕೇಳುವುದು ಇದನ್ನೇ: ಅಪ್ಪ-ಅವ್ವನ ಮನಸ್ಸು ನೋಯಿಸದೆ ಈ ಲೆಕ್ಕಕ್ಕೆ ಕೈ ಹಾಕುವುದು ಹೇಗೆ, ಎಲ್ಲಿಂದ ಶುರು ಮಾಡುವುದು?

ತೋಟದ ಲೆಕ್ಕ, ಮನೆಯ ಲೆಕ್ಕ ಎಂದು ಎರಡಾಗಿ ನೋಡಬೇಡಿ. ನಿಮ್ಮ ಅಡಿಕೆಗೆ ಸಿಗುವ ದರ ಎಷ್ಟೋ ಸಲ ಮೇ ತಿಂಗಳಲ್ಲೇ ತೀರ್ಮಾನವಾಗಿರುತ್ತದೆ. ಆಗ ಮನೆಯಲ್ಲಿ ಕಾಸಿಲ್ಲದಿದ್ದರೆ ಅಪ್ಪ ಖೇಣಿಯವನ ಹತ್ತಿರ ಮುಂಗಡ ತರುತ್ತಾರೆ. ಮುಂಗಡ ತಂದವರು ದರ ಕೇಳುವ ಜಾಗದಲ್ಲಿ ಇರುವುದಿಲ್ಲ. ಮನೆ ಖರ್ಚು ಸರಿಹೋದರೆ ಕೊಯ್ಲಿನ ದರವೂ ಅರ್ಧ ಸರಿಹೋದಂತೆ. ಕೆಳಗಿನ ಹಂತಗಳನ್ನು ಆ ಕ್ರಮದಲ್ಲೇ ಇಟ್ಟಿದೆ.

ಕೈಯಲ್ಲಿ ಇರಬೇಕಾದ್ದು

ತೋಟದ ಈ ವರ್ಷದ ಪಹಣಿ, ಇಬ್ಬರ ಆಧಾರ್ ಮತ್ತು ಪ್ಯಾನ್, ಎಲ್ಲ ಪಾಸ್‌ಬುಕ್‌ಗಳು (ಮೂಲೆಗೆ ಬಿದ್ದಿರುವ ಹಳೆಯವೂ ಸೇರಿ), ಸೊಸೈಟಿಯ ಸಾಲದ ಪುಸ್ತಕ, ಒಡವೆ ಸಾಲದ ಚೀಟಿ ಇದ್ದರೆ ಅದು, ವಿಮೆ ಬಾಂಡುಗಳು, ಹಿಂದಿನ ಎರಡು ವರ್ಷದ ಅಡಿಕೆ ಮಾರಾಟದ ಪಟ್ಟಿಗಳು. ಪಟ್ಟಿ ಎಂದರೆ ಮಂಡಿ ಅಥವಾ ಸಹಕಾರ ಸಂಘ ತೂಕ, ದರ, ಕಡಿತ ಎಲ್ಲ ಬರೆದು ಕೊಡುವ ಲೆಕ್ಕದ ಹಾಳೆ. ಇವುಗಳ ಜೊತೆಗೆ ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್. ಮೊಬೈಲಿನಲ್ಲಿ ಲೆಕ್ಕ ಇಟ್ಟರೆ ಅದು ನಿಮ್ಮ ಲೆಕ್ಕವಾಗುತ್ತದೆ. ಪುಸ್ತಕದಲ್ಲಿಟ್ಟರೆ ಅವರದ್ದಾಗಿಯೇ ಉಳಿಯುತ್ತದೆ. ಅವರೂ ತೆರೆದು ನೋಡುತ್ತಾರೆ.

1. ಮಾತು ಶುರು ಮಾಡುವುದು

"ಇನ್ನು ಮೇಲೆ ಲೆಕ್ಕ ನನಗೆ ಕೊಡಿ" ಎಂದರೆ ಕೆಲಸ ಅಲ್ಲಿಗೇ ಕೆಟ್ಟಿತು. ಅದು ಯಜಮಾನಿಕೆ ಕೇಳಿದ ಹಾಗೆ. "ಅಪ್ಪಾ, ಖೇಣಿ ಲೆಕ್ಕ ಹೆಂಗೆ ಹಾಕ್ತೀರಿ, ನನಗೂ ಒಂಚೂರು ಹೇಳಿಕೊಡ್ರಿ" ಎಂದು ಕೇಳಿ ನೋಡಿ. ಅವರು ಹೇಳುತ್ತಾ ಹೋಗುತ್ತಾರೆ, ನೀವು ಬರೆಯುತ್ತಾ ಹೋಗಿ. ಮೊದಲ ದಿನ ಏನನ್ನೂ ತಿದ್ದಬೇಡಿ.

ಅವ್ವನನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಕೈಸಾಲ, ಸಂಘದ ವಾರದ ಕಂತು, ಚೀಟಿ, ಯಾರಿಗೆ ಎಷ್ಟು ಕೊಟ್ಟಿದ್ದು ವಾಪಸ್ ಬಂದಿಲ್ಲ, ಇವೆಲ್ಲ ಹೆಚ್ಚಿನ ಮನೆಗಳಲ್ಲಿ ಅವ್ವನಿಗೇ ಚೆನ್ನಾಗಿ ಗೊತ್ತು. ಅಣ್ಣ-ತಮ್ಮ, ಅಕ್ಕ-ತಂಗಿಯರಿಗೂ ಮೊದಲೇ ಒಂದು ಫೋನ್ ಮಾಡಿ. ಊರಲ್ಲೇ ಇದ್ದು ತೋಟ ನೋಡಿಕೊಳ್ಳುವವರು ಒಬ್ಬರು, ಪೇಟೆಯಿಂದ ಲೆಕ್ಕ ಕೇಳುವವರು ಇನ್ನೊಬ್ಬರು ಎಂದಾದಾಗ ಮನಸ್ತಾಪ ಬೇಗ ಹುಟ್ಟುತ್ತದೆ. ಪುಸ್ತಕ ಎಲ್ಲರಿಗೂ ಸಿಗುವ ಜಾಗದಲ್ಲಿರಲಿ.

2. ಹೋದ ವರ್ಷದ ಲೆಕ್ಕವನ್ನು ಹಾಳೆಗೆ ಇಳಿಸಿ

ಪುಸ್ತಕದ ಎಡಪುಟಕ್ಕೆ ಬಂದದ್ದು, ಬಲಪುಟಕ್ಕೆ ಹೋದದ್ದು.

ಬಂದದ್ದರಲ್ಲಿ ಅಡಿಕೆ ಮೊದಲು, ಆಮೇಲೆ ತೋಟದಂಚಿನ ತೆಂಗು, ನಡುವಿನ ಬಾಳೆ, ಮೆಣಸು, ಅಡಿಕೆ ಮರದ ಹಾಳೆ ಮಾರಿದ್ದು. ಪಿಎಂ ಕಿಸಾನ್‌ನಿಂದ ವರ್ಷಕ್ಕೆ 2,000 ರೂಪಾಯಿಯ ಮೂರು ಕಂತು, ಅವ್ವನ ಹೆಸರಿಗೆ ಗೃಹಲಕ್ಷ್ಮಿ ಇದ್ದರೆ ಅದು, ಠೇವಣಿಯ ಬಡ್ಡಿ. ಸಣ್ಣ ಬೆಳೆಯನ್ನು ಬಿಡಬೇಡಿ. ಇಪ್ಪತ್ತು ತೆಂಗಿನ ಮರ ಇದ್ದು ಮರಕ್ಕೆ ವರ್ಷಕ್ಕೆ 70 ಕಾಯಿ ಬಂದರೆ 1,400 ಕಾಯಿ. ಒಂದೂವರೆ ತಿಂಗಳಿಗೊಮ್ಮೆ ಇಳಿಸಿದರೆ ಪ್ರತಿ ಸಲ ಸುಮಾರು 175. ಗ್ಯಾಸು, ಔಷಧಿ, ಸಂತೆಯ ಖರ್ಚಿಗೆ ಅಡಿಕೆ ದುಡ್ಡು ಮುಟ್ಟದೆ ದಾರಿಯಾಗುವುದು ಇಂಥ ಬೆಳೆಯಿಂದಲೇ.

ಹೋದದ್ದರಲ್ಲಿ ತೋಟದ ಖರ್ಚು, ಮನೆ ಖರ್ಚು ಬೇರೆ ಬೇರೆ ಇರಲಿ. ತೋಟದ್ದನ್ನು ಮರದ ಲೆಕ್ಕದಲ್ಲಿ ಪರೀಕ್ಷಿಸಬಹುದು. ಒಂಬತ್ತು ಅಡಿಗೊಂದರಂತೆ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 537 ಮರ. ಫಲಕ್ಕೆ ಬಂದ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಗೊಬ್ಬರದಂಗಡಿಯ ಬಿಲ್ಲು ಇದಕ್ಕೆ ಎರಡು ಮೂರು ಪಟ್ಟು ಇದ್ದರೆ ಒಂದೋ ಅಪ್ಪನಿಗೆ ಬೇಡದ್ದನ್ನು ಮಾರಿದ್ದಾರೆ, ಇಲ್ಲವೇ ಹಳೆ ಬಾಕಿ ಸೇರಿಕೊಂಡಿದೆ. ಎರಡೂ ಕೇಳಿ ತಿಳಿಯಬೇಕಾದ ವಿಷಯಗಳೇ.

3. ಕಾಗದಪತ್ರ ಸರಿಮಾಡಿಕೊಳ್ಳಿ

ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆಯೇ ನೋಡಿ. ಇದ್ದರೆ ಪೌತಿ ಖಾತೆಗೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು) ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಪಿಎಂ ಕಿಸಾನ್, ಬೆಳೆ ಸಾಲ, ವಿಮೆ ಮೂರಕ್ಕೂ ಇದೇ ಬುನಾದಿ.

ಆಧಾರ್, ಪಹಣಿ, ಪಾಸ್‌ಬುಕ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಬೇಕು. ಒಂದರಲ್ಲಿ "ಬಸಪ್ಪ", ಇನ್ನೊಂದರಲ್ಲಿ "ಬಸವರಾಜಪ್ಪ" ಇದ್ದರೆ ದುಡ್ಡು ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ತೋಟದ ಕೆಲಸ ಮಾಡಿ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ಪಿಎಂ ಕಿಸಾನ್‌ನ ಇ-ಕೆವೈಸಿಯನ್ನು (ಖಾತೆದಾರರು ಅವರೇ ಎಂದು ಖಚಿತಪಡಿಸುವ ಪ್ರಕ್ರಿಯೆ) ಅದರ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಮುಗಿಸಬಹುದು.

ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ವಿಮಾ ಮೊತ್ತದ ಶೇ. 5ರಷ್ಟು ಕಂತು ರೈತರದ್ದು. ಇಲ್ಲಿ ಹೆಚ್ಚಿನವರು ಎಡವುವುದು ಕಂತಿನಲ್ಲಲ್ಲ, ಬೆಳೆ ಸಮೀಕ್ಷೆಯಲ್ಲಿ. ಸಮೀಕ್ಷೆಯವರು ನಿಮ್ಮ ಸರ್ವೆ ನಂಬರಿಗೆ ಅಡಿಕೆ ಬದಲು ಬೇರೆ ಬೆಳೆ ನಮೂದಿಸಿದ್ದರೆ ಪರಿಹಾರ ತಿರಸ್ಕಾರವಾಗಬಹುದು. ಸಮೀಕ್ಷೆ ಮುಗಿದ ಕೂಡಲೇ ಏನು ದಾಖಲಾಗಿದೆ ಎಂದು ನೋಡಿ, ತಪ್ಪಿದ್ದರೆ ಆಕ್ಷೇಪಣೆ ಹಾಕಿ.

4. ಎರಡು ಖಾತೆ ಮಾಡಿ

ಒಂದು ಕೊಯ್ಲಿನ ಖಾತೆ, ಇನ್ನೊಂದು ಮನೆ ಖಾತೆ. ಅಡಿಕೆ, ಸಾಲ, ವಿಮೆಯ ದುಡ್ಡೆಲ್ಲ ಮೊದಲನೆಯದಕ್ಕೆ ಬರಲಿ. ಅದಕ್ಕೆ ಎಟಿಎಂ ಕಾರ್ಡ್ ಬೇಡ, ಯುಪಿಐ ಜೋಡಿಸುವುದಂತೂ ಬೇಡವೇ ಬೇಡ. ಪ್ರತಿ ತಿಂಗಳು ಒಂದನೇ ತಾರೀಖು ಇಂತಿಷ್ಟು ಹಣ ಅಲ್ಲಿಂದ ಮನೆ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಬರೆದುಕೊಡಿ. ಕಾರ್ಡು, ಫೋನ್‌ಪೇ ಎಲ್ಲ ಮನೆ ಖಾತೆಗೆ ಮಾತ್ರ. ಯಾರಾದರೂ ಮೋಸ ಮಾಡಿದರೂ ಹೋಗುವುದು ಒಂದು ತಿಂಗಳ ಖರ್ಚು, ವರ್ಷದ ಕೊಯ್ಲಲ್ಲ.

ಎರಡೂ ಖಾತೆ ಅಪ್ಪ-ಅವ್ವ ಇಬ್ಬರ ಹೆಸರಲ್ಲಿ "ಈದರ್ ಆರ್ ಸರ್ವೈವರ್" ರೀತಿಯಲ್ಲಿರಲಿ. ಇಬ್ಬರಲ್ಲಿ ಯಾರು ಸಹಿ ಮಾಡಿದರೂ ನಡೆಯುತ್ತದೆ, ಒಬ್ಬರು ಇಲ್ಲವಾದರೆ ಇನ್ನೊಬ್ಬರಿಗೆ ತೊಡಕಿರುವುದಿಲ್ಲ. ಸಾಲ, ಪಿಎಂ ಕಿಸಾನ್ ಅಪ್ಪನೊಬ್ಬರ ಖಾತೆಗೇ ಬರುತ್ತಿದ್ದರೆ ಅದನ್ನು ಮುಚ್ಚಬೇಡಿ, ಹಾಗೇ ಇರಲಿ.

ಮಗನದೋ ಮಗಳದೋ ಹೆಸರು ಸೇರಿಸಲು ಅವಸರ ಬೇಡ. ನೀವು ವ್ಯವಹಾರ ಮಾಡಲೇಬೇಕಾದರೆ ಬ್ಯಾಂಕಿನಲ್ಲಿ ಮ್ಯಾಂಡೇಟ್ ಪತ್ರ ಕೊಡಬಹುದು. ಅದರಿಂದ ಖಾತೆ ನಡೆಸುವ ಅನುಮತಿ ಮಾತ್ರ ಸಿಗುತ್ತದೆ, ಹಣದ ಒಡೆತನ ಅವರದ್ದೇ. ಅಧಿಕಾರ ಪತ್ರದ (ಜಿಪಿಎ) ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ: "ಮುಂದೆ ಅಪ್ಪನಿಗೆ ನೆನಪು ಹೋದರೆ ಉಪಯೋಗಕ್ಕೆ ಬರುತ್ತದೆ" ಎಂದು. ಬರೆದುಕೊಟ್ಟವರ ಬುದ್ಧಿಸ್ವಾಸ್ಥ್ಯ ಹೋದರೆ ನಮ್ಮ ಕಾನೂನಿನಲ್ಲಿ ಆ ಪತ್ರಕ್ಕೂ ಬೆಲೆ ಇರುವುದಿಲ್ಲ. ಹಾಗಾಗಿ ಜಂಟಿ ಖಾತೆ, ನಾಮಿನಿ ಎಲ್ಲವನ್ನೂ ಅವರು ಗಟ್ಟಿಯಾಗಿರುವಾಗಲೇ ಮಾಡಿ ಮುಗಿಸಿ.

2025ರ ನವೆಂಬರ್‌ನಿಂದ ಒಂದು ಬ್ಯಾಂಕ್ ಖಾತೆಗೆ ನಾಲ್ವರ ತನಕ ನಾಮಿನಿ ಇಡಬಹುದು. ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ತಲುಪಿಸುವವರು, ಮಾಲೀಕರಲ್ಲ. ಇದನ್ನು ಎಲ್ಲ ಮಕ್ಕಳಿಗೂ ಬಿಡಿಸಿ ಹೇಳಿ.

5. ಖೇಣಿ ಮಾತಾಡುವಾಗ

ಖೇಣಿ (ಕೆಲವು ಕಡೆ ಚೇಣಿ) ಎಂದರೆ ಮರದ ಮೇಲಿನ ಫಸಲನ್ನು ಒಬ್ಬರಿಗೆ ಒಪ್ಪಿಸುವುದು. ಗೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು ಅವರ ಪಾಲಿಗೆ. ಮರ ಹತ್ತುವವರು, ಸುಲಿಯುವವರು ಸಿಗದ ಈ ಕಾಲದಲ್ಲಿ ವಯಸ್ಸಾದವರಿಗೆ ಇದು ನಿಜವಾಗಿಯೂ ಅನುಕೂಲ. ನೀವು ಊರಲ್ಲಿಲ್ಲದೆ ಅಪ್ಪನ ಕೈಲಿ ಸ್ವಂತ ಕೊಯ್ಲು ಮಾಡಿಸುವ ಹಟ ಬೇಡ. ಖೇಣಿ ಸಾಮಾನ್ಯವಾಗಿ ಮೂರು ಬಗೆ.

ಮೊದಲನೆಯದು ಗುತ್ತಿಗೆ: ಇಡೀ ತೋಟಕ್ಕೆ ಇಷ್ಟು ಎಂದು ಮೊತ್ತ. ಸುಲಭ, ಆದರೆ ಫಸಲನ್ನು ಕಣ್ಣಳತೆಯಲ್ಲಿ ಕಟ್ಟುವುದರಿಂದ ಅನುಭವ ಹೆಚ್ಚಿದ್ದವರೇ ಗೆಲ್ಲುತ್ತಾರೆ. ಎರಡನೆಯದು ಹಸಿ ತೂಕ: ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ರೂಪಾಯಿ. ತೂಗಿದ ದಿನವೇ ಲೆಕ್ಕ ಮುಗಿಯುತ್ತದೆ. ಮೂರನೆಯದು ಇಳುವರಿ ಲೆಕ್ಕ: ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಕೆಜಿ ಒಣ ಅಡಿಕೆ ವಾಪಸ್. ದರ ಏರುವ ಭರವಸೆ ಇದ್ದು, ಮೂಟೆ ಇಟ್ಟುಕೊಳ್ಳಲು ಜಾಗ ಇದ್ದರೆ ಇದು ಒಳ್ಳೆಯದು.

ಹಸಿ ಅಡಿಕೆ ಕ್ವಿಂಟಾಲಿಗೆ ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಸುಮಾರು 12ರಿಂದ 14 ಕೆಜಿ ಸಿಗುತ್ತದೆ. ಮಾತುಕತೆಯಲ್ಲಿ ಅರ್ಧ ಕೆಜಿ ಎಂದರೆ ಅಪ್ಪನಿಗೆ ಸಣ್ಣದೆನ್ನಿಸಬಹುದು. ಎರಡು ಎಕರೆಯಲ್ಲಿ 110 ಕ್ವಿಂಟಾಲ್ ಹಸಿ ಅಡಿಕೆ ಬಂತು ಎಂದುಕೊಳ್ಳಿ. ಅರ್ಧ ಕೆಜಿಯಂತೆ 55 ಕೆಜಿ. ಕ್ವಿಂಟಾಲಿಗೆ 50,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೂ 27,500 ರೂಪಾಯಿ. ಇಬ್ಬರು ಮುದುಕರ ವರ್ಷದ ಬಿಪಿ, ಸಕ್ಕರೆ ಮಾತ್ರೆಗೆ ಆಗುವ ದುಡ್ಡು.

ಬಾಯಿಮಾತು ಸಾಲದು. ನಂಬಿಕೆಯವರೇ ಆದರೂ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು ಇಬ್ಬರೂ ಸಹಿ ಮಾಡಲಿ:

- ಯಾವ ಬಗೆಯ ಖೇಣಿ, ದರ ಅಥವಾ ಇಳುವರಿ ಎಷ್ಟು, ಮುಂಗಡ ಎಷ್ಟು, ಯಾವ ಕೊಯ್ಲಿನಲ್ಲಿ ಎಷ್ಟು ಮುರಿದುಕೊಳ್ಳುವುದು.
- ಸುಲಿಯುವ, ಬೇಯಿಸುವ ಕೂಲಿ ಅವರದ್ದೇ ಅಥವಾ ಬೇರೆ ಕೊಡಬೇಕೇ.
- ತೂಕ ಎಲ್ಲಿ, ಯಾರ ಎದುರು. ತೋಟದಲ್ಲೇ, ಬೆಳಕಿರುವಾಗಲೇ ಎಂದು ಬರೆಸಿ.
- ಖಾಲಿ ಚೀಲ ಅಥವಾ ಕ್ರೇಟಿನ ತೂಕ ಕಳೆಯುವುದು ಹೇಗೆ, ಕಸ-ನೀರು ಎಂದು ಕಡಿತ ಇದೆಯೇ.
- ಉದುರಿದ ಅಡಿಕೆ, ಗೋಟು (ಹಣ್ಣಾಗಿ ಒಣಗಿದ್ದು), ಸಿಪ್ಪೆ ಯಾರಿಗೆ. ಸಿಪ್ಪೆಯನ್ನು ಬಿಟ್ಟುಕೊಡಬೇಡಿ, ಕೊಳೆತರೆ ತೋಟಕ್ಕೇ ಗೊಬ್ಬರ.
- ತೂಕವಾದ ಎಷ್ಟು ದಿನಕ್ಕೆ ಹಣ, ಕೊನೆಯ ಬಾಕಿಗೆ ಗಡುವು ಯಾವುದು.

ತೂಕದಲ್ಲಿ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ. ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಆ ವರ್ಷದ ಮುದ್ರೆ ಇದೆಯೇ ನೋಡಿ. ಮನೆಯಲ್ಲಿ ಮುದ್ರೆಯಿರುವ 20 ಕೆಜಿ ಕಬ್ಬಿಣದ ಬಟ್ಟು ಒಂದು ಇಟ್ಟುಕೊಂಡು, ತೂಕ ಶುರುವಾಗುವ ಮೊದಲು ಅದನ್ನು ತಕ್ಕಡಿಗೆ ಇಡುವುದು ವಾಡಿಕೆಯಾಗಲಿ. ಜಗಳವಿಲ್ಲದೆ ವಿಷಯ ಮುಗಿಯುತ್ತದೆ. ಪ್ರತಿ ತೂಕದ ಫೋಟೋ ತೆಗೆದು ಮನೆಯವರ ಗುಂಪಿಗೆ ಕಳಿಸುವ ಕೆಲಸ ಮೊಮ್ಮಗನದ್ದೋ ಪಕ್ಕದ ಮನೆ ಹುಡುಗನದ್ದೋ ಆಗಲಿ.

ಆಗಸ್ಟ್‌ನಿಂದ ಜನವರಿ ತನಕ ಮೂರ್ನಾಲ್ಕು ಕೊಯ್ಲು ನಡೆಯುತ್ತದೆ. ಆಳು ಸಿಕ್ಕಾಗ ಎಲ್ಲ ಗೊನೆಯನ್ನೂ ಒಮ್ಮೆಗೇ ಇಳಿಸುವ ಆತುರ ಖೇಣಿಯವರಿಗಿರುತ್ತದೆ. ತೀರಾ ಎಳೆಯದನ್ನು ಇಳಿಸಿದರೆ ಒಣಗಿದಾಗ ತೂಕ ಸಿಗುವುದಿಲ್ಲ, ಬಲಿತು ಹಣ್ಣಾದರೆ ರಾಶಿಯ (ಬೇಯಿಸಿ ಒಣಗಿಸಿದ ಕೆಂಪಡಿಕೆಯ) ದರ್ಜೆ ತಪ್ಪಿ ಗೋಟಿಗೆ ಸೇರುತ್ತದೆ. ಹಸಿ ತೂಕದ ಖೇಣಿಯಲ್ಲಿ ಎಳೆಗೊನೆಯ ನಷ್ಟ ಅವರಿಗೆ, ಇಳುವರಿ ಖೇಣಿಯಲ್ಲಿ ಅದರ ಬಿಸಿ ನಿಮಗೂ ತಟ್ಟುತ್ತದೆ. ಯಾವ ಗೊನೆ ಈಗ, ಯಾವುದು ಮುಂದಿನ ಸಲಕ್ಕೆ ಎಂಬುದನ್ನು ಅಪ್ಪನೇ ನಿರ್ಧರಿಸಲಿ. ಈ ಕಣ್ಣು ನಿಮಗಿಲ್ಲ, ಅವರಿಗಿದೆ.

6. ಮಾರಾಟ

ಇಳುವರಿ ಲೆಕ್ಕದಲ್ಲಿ ಮೂಟೆ ಮನೆಗೆ ಬಂದರೆ ಕೈಗೆ ತೆಗೆದುಕೊಳ್ಳುವಾಗಲೇ ಒಣಗಿದೆಯೇ ನೋಡಿ. ಬೇಯಿಸಿದ ಅಡಿಕೆಗೆ ಒಳ್ಳೆಯ ಬಿಸಿಲಿನಲ್ಲಿ ಒಂದು ವಾರದ ಮೇಲೆಯೇ ಬೇಕು. ಹಸಿ ಉಳಿದರೆ ಮೂಟೆಯಲ್ಲೇ ಬೂಷ್ಟು ಹಿಡಿಯುತ್ತದೆ, ಆ ಮೇಲೆ ದರ ಕೇಳುವವರಿಲ್ಲ. ನೆಲಕ್ಕೆ ತಾಗದಂತೆ ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ.

ಚನ್ನಗಿರಿಯ ತುಮ್ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘವಿರಲಿ, ಭೀಮಸಮುದ್ರದ ಮಾರುಕಟ್ಟೆ ಇರಲಿ, ಮಾರಿದ ದಿನವೇ ಪಟ್ಟಿ ಪಡೆಯಿರಿ. ಬಿಳಿ ಚೀಟಿ, ಅಂದರೆ ಹೆಸರು, ನಂಬರು ಯಾವುದೂ ಇಲ್ಲದ ತುಂಡು ಕಾಗದ ಕೊಟ್ಟು "ಇದರಲ್ಲೇ ಎರಡು ರೂಪಾಯಿ ಹೆಚ್ಚು" ಎನ್ನುವವರಿಗೆ ಮಾರಬೇಡಿ. ಹಣ ಬಾಕಿ ಉಳಿದರೆ ಕೇಳಲು ಯಾವ ಆಧಾರವೂ ಇರುವುದಿಲ್ಲ. ಹಣ ಬ್ಯಾಂಕಿಗೇ ಬರಲಿ. ಒಬ್ಬರಿಂದ ಒಂದು ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ದಂಡ ಬೀಳುವುದು ಪಡೆದವರಿಗೆ, ಅಂದರೆ ಅಪ್ಪನಿಗೆ. ಬೆಳೆಗಾರರ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಆದರೆ ಖಾತೆಗೆ ಬಿದ್ದ ದೊಡ್ಡ ಮೊತ್ತ ಎಲ್ಲಿಂದ ಬಂತೆಂದು ಕೇಳಿದಾಗ ತೋರಿಸಲು ಪಟ್ಟಿ, ಪಹಣಿ ಜೋಪಾನವಾಗಿರಬೇಕು.

7. ಬಂದ ದುಡ್ಡನ್ನು ಆ ವಾರವೇ ಪಾಲು ಮಾಡಿ

ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಕ್ವಿಂಟಾಲಿಗೆ 12 ಕೆಜಿಯಂತೆ 1,320 ಕೆಜಿ, 50,000ದ ದರದಲ್ಲಿ 6,60,000 ರೂಪಾಯಿ. ಅದನ್ನು ಹೀಗೆ ಎತ್ತಿಡಬಹುದು:

- ತೋಟಕ್ಕೆ 2,00,000: ಗೊಬ್ಬರ, ಮಣ್ಣು, ಕೂಲಿ, ಔಷಧಿ.
- ಮನೆಗೆ ತಿಂಗಳಿಗೆ 18,000ದಂತೆ 2,16,000: ಸ್ಥಾಯಿ ಸೂಚನೆಯ ಮೂಲಕ.
- ಆಸ್ಪತ್ರೆಗೆ 1,00,000: ಬೇಕೆಂದಾಗ ಮುರಿಯಬಹುದಾದ ಠೇವಣಿ.
- ಬೋರ್‌ವೆಲ್, ಮೋಟಾರಿಗೆ 60,000.
- ಉಳಿದದ್ದು 84,000: ಮದುವೆ-ಮುಂಜಿ, ಹಬ್ಬ, ಮುಂದಿನ ವರ್ಷ ಫಸಲು ಕಡಿಮೆಯಾದರೆ ಆಧಾರ.

ಅಂಕಿ ನಿಮ್ಮ ಮನೆಯದ್ದೇ ಬೇರೆ ಇರುತ್ತದೆ, ಎರಡನೇ ಹಂತದಲ್ಲಿ ಬರೆದ ಹೋದ ವರ್ಷದ ಖರ್ಚನ್ನೇ ಹಿಡಿಯಿರಿ. ಮೋಟಾರಿನ ಪಾಲನ್ನು ಮಾತ್ರ ಕೈಬಿಡಬೇಡಿ. ಮೋಟಾರು ಸುಡುವುದು ಏಪ್ರಿಲ್‌-ಮೇನಲ್ಲಿ, ಬೋರು ಬತ್ತುವುದೂ ಆಗಲೇ. ತೋಟ ಒಣಗುತ್ತದೆ ಎಂಬ ಗಾಬರಿಯಲ್ಲೇ ಹೆಚ್ಚಿನ ಮುಂಗಡ, ಹೆಚ್ಚಿನ ಕೈಸಾಲ ಹುಟ್ಟುತ್ತದೆ. ಅರವತ್ತು ಸಾವಿರ ಬ್ಯಾಂಕಿನಲ್ಲಿದ್ದರೆ ಜೂನ್‌ನಲ್ಲಿ ಖೇಣಿಯವರ ಎದುರು ಅಪ್ಪ ಬೇರೆಯೇ ದನಿಯಲ್ಲಿ ಮಾತಾಡುತ್ತಾರೆ.

ಸಾಲದ ಮಾತು. ಸಹಕಾರ ಸಂಘದ ಅಲ್ಪಾವಧಿ ಬೆಳೆ ಸಾಲಕ್ಕೆ ರಾಜ್ಯದಲ್ಲಿ 5 ಲಕ್ಷದ ತನಕ ಬಡ್ಡಿ ಇಲ್ಲ, ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ದಾಟಿದರೆ ಬಡ್ಡಿ ಬೀಳುತ್ತದೆ. ಗಡುವು ಸೆಪ್ಟೆಂಬರ್, ಕೊಯ್ಲಿನ ದುಡ್ಡು ನವೆಂಬರ್ ಎಂದಾದರೆ ಹೋದ ವರ್ಷದ ಉಳಿಕೆಯಿಂದ ಕಟ್ಟಿ, ಹೊಸ ಸಾಲ ಪಡೆದು ಆ ಜಾಗ ತುಂಬಿಸಿ. ತೀರಿಸುವ ಕ್ರಮ: ಕೈಸಾಲ ಮೊದಲು, ಒಡವೆ ಸಾಲ ನಂತರ, ಸೊಸೈಟಿಯದು ಗಡುವಿನ ದಿನಕ್ಕೆ ಸರಿಯಾಗಿ.

ಉಳಿಕೆ ಹೆಚ್ಚಿದ್ದರೆ ಅರವತ್ತು ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಐದು ವರ್ಷದ್ದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ, ಒಬ್ಬರಿಗೆ ಗರಿಷ್ಠ 30 ಲಕ್ಷ. ಹೆಚ್ಚು ಬಡ್ಡಿ ಕೊಡುತ್ತೇವೆಂದು ಮನೆ ಬಾಗಿಲಿಗೆ ಬರುವವರಿಗೆ ಒಂದು ರೂಪಾಯಿಯೂ ಬೇಡ.

8. ಮೋಸದಿಂದ ಕಾಪಾಡುವುದು

ಅಡಿಕೆ ದುಡ್ಡು ಬರುವ ಕಾಲ ಮೋಸಗಾರರಿಗೂ ಗೊತ್ತು. ಪಿಎಂ ಕಿಸಾನ್ ಹೆಸರಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಆ್ಯಪ್ ಕಡತವನ್ನು ಒತ್ತಿದರೆ ಫೋನೇ ಅವರ ಕೈಗೆ ಹೋಗುತ್ತದೆ. "ಡಿಜಿಟಲ್ ಅರೆಸ್ಟ್" ಎಂಬುದು ಯಾವ ಕಾನೂನಿನಲ್ಲೂ ಇಲ್ಲ, ಹಾಗೆಂದು ಹೆದರಿಸಿ ಫೋನ್ ಮಾಡಿದವರು ಪೊಲೀಸರಲ್ಲ. ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುವ ವ್ಯವಸ್ಥೆಯನ್ನು ಅವರು ಬಳಸದಿದ್ದರೆ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿ. ರೇಷನ್, ಇ-ಕೆವೈಸಿಗೆ ಬೆರಳು ಕೊಡುವ ದಿನ ಅದನ್ನು ತೆರೆಯಬೇಕಾಗುತ್ತದೆ ಎಂಬುದು ನೆನಪಿರಲಿ.

ಫೋನ್ ಇಡುವ ಗೂಡಿನ ಮೇಲೆ ದಪ್ಪಕ್ಷರದಲ್ಲಿ 1930 ಎಂದು ಬರೆದು ಅಂಟಿಸಿ. ಸೈಬರ್ ಮೋಸದ ಸಹಾಯವಾಣಿ ಅದು. ಹಣ ಹೋದ ಮೊದಲ ಗಂಟೆಯಲ್ಲಿ ಕರೆ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೋಸ ಹೋದರೆ ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿರಿ. ಬೈಗುಳದ ಹೆದರಿಕೆಗೆ ಮುಚ್ಚಿಟ್ಟು, ಗೊತ್ತಾಗುವಷ್ಟರಲ್ಲಿ ವಾರ ಕಳೆದಿರುತ್ತದೆ.

9. ತಿಂಗಳಿಗೊಂದು ಸಲ, ವರ್ಷಕ್ಕೊಂದು ಸಲ

ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಅಪ್ಪನ ಜೊತೆ ಅರ್ಧ ಗಂಟೆ ಕೂತು ಪುಸ್ತಕ ತುಂಬಿಸಿ. ದೂರ ಇದ್ದರೆ ಫೋನಿನಲ್ಲೇ, ಆದರೆ ಬರೆಯುವ ಕೈ ಅವರದ್ದಿರಲಿ. ಆಗಲೇ ಕೆಲವು ಸೂಚನೆ ಸಿಗುತ್ತವೆ: ಒಂದೇ ಕೂಲಿ ಎರಡು ಸಲ ಕೊಟ್ಟದ್ದು, ಪದೇ ಪದೇ ಅಂಕಿ ತಪ್ಪುವುದು, ಗೊತ್ತಿಲ್ಲದ ಹೆಸರಿಗೆ ಹಣ ಹೋದದ್ದು. ಒಂದೆರಡು ಸಲ ಎಲ್ಲರಿಗೂ ಆಗುತ್ತದೆ. ಮೂರು ತಿಂಗಳು ಹಾಗೇ ಮುಂದುವರಿದರೆ ಲೆಕ್ಕ ಕಿತ್ತುಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿ. ಬ್ಯಾಂಕಿಗೆ ನಡೆಯಲಾಗದ, ಎಪ್ಪತ್ತು ದಾಟಿದವರಿಗೆ ಮನೆ ಬಾಗಿಲಿನ ಸೇವೆ ಇದೆಯೇ ಎಂದು ಶಾಖೆಯಲ್ಲಿ ಕೇಳಿ.

ದೀಪಾವಳಿಗೆ ಎಲ್ಲರೂ ಊರಿಗೆ ಬಂದಾಗ ಪುಸ್ತಕವನ್ನು ಎಲ್ಲ ಮಕ್ಕಳ ಎದುರು ಅಪ್ಪನೇ ಓದಲಿ. ಅಷ್ಟರಲ್ಲಿ ಒಂದೆರಡು ಕೊಯ್ಲು ಮುಗಿದಿರುತ್ತದೆ, ಏನಾದರೂ ತಪ್ಪಿದ್ದರೆ ಉಳಿದ ಕೊಯ್ಲಿನಲ್ಲಿ ಸರಿಮಾಡಿಕೊಳ್ಳಬಹುದು. ಕೊನೆಯ ಕೊಯ್ಲಿನ ಬಾಕಿ ಬಂದ ದಿನ ಖೇಣಿಯ ಹಾಳೆಯ ಮೇಲೆ "ಲೆಕ್ಕ ಚುಕ್ತಾ" ಎಂದು ಇಬ್ಬರ ಸಹಿ ಹಾಕಿಸಿ, ಆ ವರ್ಷದ ಹಸಿ ತೂಕ, ಒಣ ತೂಕ, ದರ ಮೂರನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಮುಂದಿನ ಜೂನ್‌ನಲ್ಲಿ ಖೇಣಿ ಮಾತಿಗೆ ಕೂತಾಗ ಅಪ್ಪನ ಕೈಯಲ್ಲಿ ಆ ಪುಟ ಇರಬೇಕು.